ಒಂಟಿ ಹಿರಿಯರ ಮನೆಗೆ ವಾರದ ಭೇಟಿ: ಸಣ್ಣ ಸೇವಾ ತಂಡ ನಡೆಸುವ ಬಗೆ

ಒಂಟಿಯಾಗಿ ಬದುಕುತ್ತಿರುವ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕೂತು ಬರುವುದು ನೋಡುವವರ ಕಣ್ಣಿಗೆ ತೀರಾ ಸಣ್ಣ ಕೆಲಸ. ಇದಕ್ಕೆ ಕಟ್ಟಡ ಬೇಡ, ದೊಡ್ಡ ನಿಧಿ ಬೇಡ, ವೇದಿಕೆಯೂ ಬೇಡ. ಹೇಳಿದ ದಿನ, ಹೇಳಿದ ಹೊತ್ತಿಗೆ ಬಾಗಿಲು ತಟ್ಟುವ ಶಿಸ್ತು ಇದ್ದರೆ ಸಾಕು. ಇಂಥ ತಂಡಗಳು ಹಣವಿಲ್ಲದೆ ನಿಂತುಹೋಗುವುದಕ್ಕಿಂತ, ಶಕ್ತಿ ಮೀರಿ ಮಾತು ಕೊಟ್ಟು ಉಳಿಸಿಕೊಳ್ಳಲಾಗದೆ ನಿಂತುಹೋಗುವುದೇ ಹೆಚ್ಚು. ಆದ್ದರಿಂದ ಮೊದಲು ಲೆಕ್ಕ ಹಾಕೋಣ.

ಎಷ್ಟು ಮನೆ ಒಪ್ಪಿಕೊಳ್ಳಬಹುದು

ಒಂದು ಭೇಟಿಗೆ ಮನೆಯೊಳಗೆ ಒಂದು ಗಂಟೆ, ಹೋಗಿಬರಲು ಅರ್ಧ ಗಂಟೆ, ಪುಸ್ತಕದಲ್ಲಿ ಬರೆಯಲು ಹತ್ತು ನಿಮಿಷ ಹಿಡಿಯಿರಿ. ಅಂದರೆ ಸುಮಾರು ಒಂದೂ ಮುಕ್ಕಾಲು ಗಂಟೆ. ಭೇಟಿಗೆ ಯಾವಾಗಲೂ ಇಬ್ಬರು ಹೋಗಬೇಕು. ಆರು ಜನರಿದ್ದರೆ ಮೂರು ಜೋಡಿ. ಒಂದೊಂದು ಜೋಡಿ ವಾರಕ್ಕೆ ಎರಡು ಮನೆ ನೋಡಿದರೂ ಆರು ಮನೆ ಆಯಿತು. ಆದರೆ ಆರು ಒಪ್ಪಿಕೊಳ್ಳಬೇಡಿ, ನಾಲ್ಕು ಸಾಕು. ಜ್ವರ, ಪರೀಕ್ಷೆ, ಮದುವೆ, ಕಚೇರಿ ಕೆಲಸ ಎಂದು ಯಾರಾದರೊಬ್ಬರು ತಪ್ಪಿಸಿಕೊಳ್ಳುವುದು ಇದ್ದದ್ದೇ. ಆ ಮೂರನೆಯ ಒಂದು ಪಾಲನ್ನು ಮೊದಲೇ ಕಳೆದಿಟ್ಟರೆ ಯಾವ ಮನೆಗೂ ಭೇಟಿ ತಪ್ಪುವುದಿಲ್ಲ.

ಮೊದಲ ಮೂರು ತಿಂಗಳು ಈ ನಾಲ್ಕು ಮನೆಗಳಲ್ಲೇ ಇರಿ. ಐದನೆಯವರು ಕೇಳಿದರೆ ಹೆಸರು ಬರೆದಿಟ್ಟುಕೊಂಡು, ಯಾವ ತಿಂಗಳು ತಿಳಿಸುತ್ತೇವೆ ಎಂದು ನೇರವಾಗಿ ಹೇಳಿ. ಇಲ್ಲ ಎನ್ನಲು ಮನಸ್ಸು ಒಪ್ಪದು ನಿಜ. ಆದರೆ ಯಾರೂ ಬಾರದ ಮನೆಗಿಂತ, ಎರಡು ತಿಂಗಳು ಬಂದು ಆಮೇಲೆ ಸುದ್ದಿಯಿಲ್ಲದೆ ನಿಂತವರನ್ನು ಕಾಯುವ ಮನೆಯಲ್ಲಿ ನೋವು ಹೆಚ್ಚು.

ಜೊತೆಗಾರರನ್ನು ಆರಿಸುವುದು

ಸೇರಲು ಬಂದವರಿಂದ ಕನಿಷ್ಠ ಆರು ತಿಂಗಳ ಮಾತು ತೆಗೆದುಕೊಳ್ಳಿ. ಗುರುತಿನ ಚೀಟಿಯ ಪ್ರತಿ, ಅವರನ್ನು ಬಲ್ಲ ಇಬ್ಬರ ಫೋನ್ ಸಂಖ್ಯೆ ಪಡೆದು, ಆ ಇಬ್ಬರಿಗೂ ನಿಜವಾಗಿಯೂ ಫೋನ್ ಮಾಡಿ. ಸಂಖ್ಯೆ ಬರೆದಿಟ್ಟುಕೊಂಡು ಸುಮ್ಮನಾಗುವ ತಂಡಗಳೇ ಹೆಚ್ಚು. ನಿಮ್ಮಲ್ಲಿ ಪೊಲೀಸ್ ಪರಿಶೀಲನೆ ಕಡ್ಡಾಯವಿದ್ದರೆ ಅದು ಮುಗಿಯುವವರೆಗೆ ಯಾರನ್ನೂ ಮನೆಯೊಳಗೆ ಕಳಿಸಬೇಡಿ.

ವಿಮೆ, ಹೂಡಿಕೆ, ಔಷಧಿ ಮಾರುವವರು ಆ ಕೆಲಸವನ್ನು ಹೊಸ್ತಿಲಾಚೆ ಬಿಟ್ಟು ಬರಲು ಒಪ್ಪದಿದ್ದರೆ ಸೇರಿಸಿಕೊಳ್ಳಬಾರದು. ಮತಪ್ರಚಾರ, ಪಕ್ಷಪ್ರಚಾರಕ್ಕೂ ಇದೇ ನಿಯಮ. ಉಪದೇಶ ಮಾಡುವ ಚಟವಿರುವವರನ್ನು ಗುರುತಿಸುವುದು ಸುಲಭ: ಮಾತುಕತೆಯಲ್ಲಿ ಅರ್ಧ ಗಂಟೆಯಾದರೂ ಒಂದು ಪ್ರಶ್ನೆ ಕೇಳಿರುವುದಿಲ್ಲ. ಇತ್ತೀಚೆಗೆ ಹತ್ತಿರದವರನ್ನು ಕಳೆದುಕೊಂಡವರು ಬಂದರೆ ಬೇಡವೆನ್ನಬೇಡಿ. ಕೆಲವು ತಿಂಗಳು ಪಟ್ಟಿ ಬರೆಯುವುದು, ಫೋನ್ ಮಾಡುವುದು ಇಂಥ ಕೆಲಸ ಕೊಡಿ.

ಅಕ್ಟೋಬರ್ 1 ಹಿರಿಯರ ಅಂತರರಾಷ್ಟ್ರೀಯ ದಿನ. ಡಿಸೆಂಬರ್ 5 ವಿಶ್ವಸಂಸ್ಥೆ 1985ರಲ್ಲಿ ಗೊತ್ತುಮಾಡಿದ ಸ್ವಯಂಸೇವಕರ ದಿನ. ಇಂಥ ದಿನಗಳ ಆಸುಪಾಸಿನಲ್ಲಿ ಉತ್ಸಾಹದಿಂದ ಬಂದವರನ್ನು ಅದೇ ವಾರ ಮನೆಗಳಿಗೆ ಹಚ್ಚಬೇಡಿ. ಮೂರು ಭೇಟಿಗಳಲ್ಲಿ ಹಳಬರೊಬ್ಬರ ಜೊತೆ ಹೋಗಿ ಹೆಚ್ಚು ಮಾತಾಡದೆ ಗಮನಿಸಲಿ. ಮೂರಕ್ಕೂ ಹೊತ್ತಿಗೆ ಸರಿಯಾಗಿ ಬಂದವರು ಮುಂದೆಯೂ ಬರುವ ಸಂಭವ ಹೆಚ್ಚು.

ಇಬ್ಬರು ಏಕೆ ಎಂದು ಹೊಸಬರು ಕೇಳುತ್ತಾರೆ. ತುರ್ತಿನಲ್ಲಿ ಒಬ್ಬರು ಹಿರಿಯರ ಬಳಿ ಉಳಿದು ಇನ್ನೊಬ್ಬರು ಓಡಬಹುದು. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಕಾಣುತ್ತದೆ. ಹಣ ಅಥವಾ ವಸ್ತು ಕಾಣೆಯಾಯಿತು ಎಂಬ ಮಾತು ಬಂದರೆ ಹಿರಿಯರಿಗೂ ಸ್ವಯಂಸೇವಕರಿಗೂ ಸಾಕ್ಷಿ ಇರುತ್ತದೆ. ಒಂಟಿ ಮಹಿಳೆಯ ಮನೆಗೆ ಹೋಗುವ ಜೋಡಿಯಲ್ಲಿ ಒಬ್ಬರಾದರೂ ಮಹಿಳೆ ಇರಲಿ.

ಮನೆ ಹುಡುಕುವುದು, ಒಪ್ಪಿಗೆ ಪಡೆಯುವುದು

ಯಾರು ಒಂಟಿಯಾಗಿದ್ದಾರೆ ಎಂಬುದು ಔಷಧಿ ಅಂಗಡಿಯವರಿಗೆ, ದಾದಿಯರಿಗೆ, ಅಂಚೆಯವರಿಗೆ, ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಅವರು ಹೇಳಿದ ಕೂಡಲೇ ಹೋಗಿ ಬಾಗಿಲು ತಟ್ಟಬೇಡಿ. ಆ ಹಿರಿಯರು ನಂಬುವ ಒಬ್ಬರು ಮೊದಲು ವಿಷಯ ತಿಳಿಸಲಿ, ಬೇಕೇ ಎಂದು ಕೇಳಲಿ. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಮಕ್ಕಳು ದೂರದಿಂದ ಫೋನ್ ಮಾಡಿ "ಅಪ್ಪನನ್ನು ನೋಡಿಕೊಂಡು ಬನ್ನಿ" ಎಂದರೂ ಒಪ್ಪಿಗೆ ಕೊಡಬೇಕಾದವರು ಅಪ್ಪನೇ.

ಒಪ್ಪಿದ ಮೇಲೆ ಒಂದು ಹಾಳೆಯ ಮಾಹಿತಿ ಬರೆದುಕೊಳ್ಳಿ: ಹೆಸರು, ಹೇಗೆ ಕರೆಸಿಕೊಳ್ಳಲು ಇಷ್ಟ, ತುರ್ತಿಗೆ ಇಬ್ಬರ ಸಂಖ್ಯೆ, ವೈದ್ಯರ ಸಂಖ್ಯೆ, ಔಷಧಿ ಮತ್ತು ಚೀಟಿಗಳನ್ನು ಇಡುವ ಜಾಗ, ಅಲರ್ಜಿ ಇದ್ದರೆ ಅದು, ಕಿವಿ ಕಣ್ಣುಗಳ ಸ್ಥಿತಿ, ಇನ್ನೊಂದು ಕೀಲಿಕೈ ಯಾರ ಬಳಿ ಇದೆ. ಈ ಹಾಳೆ ಸಂಚಾಲಕರ ಬಳಿ ಬೀಗದಲ್ಲಿರಬೇಕು. ವಾಟ್ಸಾಪ್ ಗುಂಪಿನಲ್ಲಿ ಹಾಕಲೇಬಾರದು. ಒಂಟಿ ಮನೆಯ ವಿಳಾಸ, ಕೀಲಿಕೈ ಇರುವ ಜಾಗ, ಕಾಯಿಲೆ ಎಲ್ಲವೂ ಒಟ್ಟಿಗೆ ಇರುವ ಚಿತ್ರ ಯಾರ ಕೈಗೆ ಸಿಕ್ಕರೂ ಅಪಾಯ.

ಮೊದಲ ಭೇಟಿ

ಹಿಂದಿನ ಸಂಜೆ ಫೋನ್ ಮಾಡಿ, ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಎಂದು ಹೇಳಿ. ಕೊರಳಲ್ಲಿ ಹೆಸರು ಕಾಣುವ ಚೀಟಿ ಇರಲಿ. ಮೊದಲ ಸಲ ಅರ್ಧ ಗಂಟೆ ಮೀರಬೇಡಿ. ಹೊಸಬರ ಜೊತೆ ಮಾತಾಡುವುದೂ ಅವರಿಗೆ ದಣಿವು.

ಕೂರುವ ಜಾಗ ನೋಡಿ ಆರಿಸಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ನಿಮ್ಮ ಮುಖ ಕಪ್ಪಾಗಿ ಕಂಡು, ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಏನೂ ಸಿಗದು. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಮೇಲಿನ ಸ್ಥಾಯಿಯ ಶಬ್ದಗಳು. ಸ, ಶ, ತ, ಪ ಮೊದಲಾದ ಅಕ್ಷರಗಳು ಒಂದರೊಳಗೊಂದು ಬೆರೆತುಬಿಡುತ್ತವೆ. ಕೂಗಿದರೆ ಶಬ್ದ ಜೋರಾಗುತ್ತದೆ, ಸ್ಪಷ್ಟವಾಗುವುದಿಲ್ಲ. ದನಿಯ ಸ್ಥಾಯಿಯನ್ನು ಸ್ವಲ್ಪ ತಗ್ಗಿಸಿ, ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಹೇಳಿ. ಟಿವಿ ಆರಿಸಬಹುದೇ ಎಂದು ಕೇಳಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ.

ಮಗುವನ್ನು ಮುದ್ದಿಸುವಂತೆ ಮಾತಾಡಬೇಡಿ. ಅಜ್ಜ, ಅಜ್ಜಿ ಎಂದು ಕರೆಯುವ ಮುನ್ನ ಕೇಳಿ. ನಲವತ್ತು ವರ್ಷ ಮೇಷ್ಟ್ರು ಎನಿಸಿಕೊಂಡವರಿಗೆ ಮೇಷ್ಟ್ರು ಎಂದೇ ಕರೆಸಿಕೊಳ್ಳುವ ಆಸೆ ಇರಬಹುದು. ಹೊರಡುವಾಗ ಮುಂದಿನ ಭೇಟಿಯ ದಿನ ಮತ್ತು ಹೊತ್ತನ್ನು ಅವರ ಕ್ಯಾಲೆಂಡರಿನಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ.

ವಾರದ ಒಂದು ಗಂಟೆ

ಹೆಚ್ಚು ಹೊತ್ತು ಮಾತಿಗೇ ಸಲ್ಲಬೇಕು. ಬಲ್ಬು ಹಾಕುವುದು, ಪತ್ರ ಓದುವುದು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡುವುದು ಹತ್ತು ನಿಮಿಷದ ಕೆಲಸ. ಬಂದವರೆಲ್ಲ ಕೆಲಸಕ್ಕೆ ನುಗ್ಗಿದರೆ ಹಿರಿಯರು ತಮ್ಮದೇ ಮನೆಯಲ್ಲಿ ನೋಡುತ್ತ ಕೂರಬೇಕಾಗುತ್ತದೆ. ಅವರಿಂದ ಆಗುವುದನ್ನು ಅವರೇ ಮಾಡಲಿ, ಹತ್ತು ನಿಮಿಷ ಹೆಚ್ಚಾದರೂ ಸರಿ. ಅವರಿಂದ ಏನನ್ನಾದರೂ ಕೇಳಿ ಕಲಿಯಿರಿ. ಪಡೆದುಕೊಳ್ಳುವುದಷ್ಟೇ ಉಳಿದಾಗ ಮನುಷ್ಯ ಕುಗ್ಗುತ್ತಾನೆ.

ಮಾತಿನ ನಡುವೆ ಕಣ್ಣು ಕೆಲಸ ಮಾಡುತ್ತಿರಲಿ. ಬಟ್ಟೆ, ಬಳೆ, ಹಲ್ಲಿನ ಸೆಟ್ ಸಡಿಲವಾಗಿದ್ದರೆ ತೂಕ ಇಳಿದಿರಬಹುದು. ಒಡೆಯದ ಪತ್ರಗಳು, ತಳ ಸೀದ ಪಾತ್ರೆ, ಹೋದ ವಾರದಷ್ಟೇ ಮಾತ್ರೆ ಉಳಿದಿರುವ ಪಟ್ಟಿ, ತೋಳಿನಲ್ಲಿ ಹೊಸ ನೀಲಿಗಟ್ಟಿದ ಗುರುತು, ಇವೆಲ್ಲ ಬರೆದಿಡಬೇಕಾದವು. ಒಂದೇ ವಾರ ಕಂಡರೆ ಗಮನದಲ್ಲಿಡಿ, ಎರಡನೆಯ ವಾರವೂ ಕಂಡರೆ ಅವರೊಡನೆಯೇ ಮಾತಾಡಿ, ಅವರ ಒಪ್ಪಿಗೆಯಿಂದ ಮನೆಯವರಿಗೆ ತಿಳಿಸಿ. ಯಾರೋ ಹೊಡೆಯುತ್ತಿದ್ದಾರೆ, ಹಣ ಕಿತ್ತುಕೊಳ್ಳುತ್ತಿದ್ದಾರೆ ಎಂಬ ಸಂಶಯ ಬಂದರೆ ಎರಡನೆಯ ವಾರಕ್ಕೆ ಕಾಯದೆ ಅಂದೇ ಸಂಚಾಲಕರಿಗೆ ಹೇಳಿ. ನೀವೇ ವಿಚಾರಣೆಗೆ ಇಳಿಯಬೇಡಿ. ಸಂಶಯಕ್ಕೊಳಗಾದವರಿಗೆ ಸುಳಿವು ಸಿಕ್ಕರೆ ನಿಮ್ಮ ಬರುವಿಕೆಯನ್ನೇ ನಿಲ್ಲಿಸಿಬಿಡುತ್ತಾರೆ.

ಕೆಲವಕ್ಕೆ ಅಂದೇ ವೈದ್ಯರು ಬೇಕು. ಹೋದ ವಾರ ಚೆನ್ನಾಗಿ ಮಾತಾಡಿದವರು ಇಂದು ದಿನ, ಜಾಗ, ಜನ ಗುರುತಿಸದಿದ್ದರೆ "ವಯಸ್ಸಾಯಿತು" ಎಂದು ಬಿಡಬೇಡಿ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬರುವ ಗೊಂದಲದ ಹಿಂದೆ ಮೂತ್ರದ ಸೋಂಕು, ಪುಪ್ಪುಸದ ಸೋಂಕು, ನೀರಿನ ಕೊರತೆ ಅಥವಾ ಹೊಸ ಔಷಧಿ ಇರಬಹುದು, ಚಿಕಿತ್ಸೆಯಿಂದ ಸರಿಹೋಗಲೂಬಹುದು. ಮುಖ ಒಂದು ಕಡೆ ಜೋತಿದ್ದರೆ, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಪಾರ್ಶ್ವವಾಯು ಎಂದೇ ತಿಳಿದು ತಕ್ಷಣ ಆಂಬುಲೆನ್ಸ್ ಕರೆಯಿರಿ. ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಹುದೇ ಎಂಬುದನ್ನು ವೈದ್ಯರು ಆ ಹೊತ್ತಿನ ಮೇಲೆ ನಿರ್ಧರಿಸುತ್ತಾರೆ. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಶ್ವಾಸನಾಳಕ್ಕೆ ಇಳಿಯುತ್ತದೆ.

ಬೀಳದಂತೆ, ಬಿದ್ದರೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ವಾರದ ಭೇಟಿಯಿಂದ ಆಗುವ ಕಣ್ಣಿಗೆ ಕಾಣುವ ಉಪಕಾರ ಎಂದರೆ ಇದೊಂದನ್ನು ತಡೆಯುವುದು. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯನ್ನು ಅವರ ಜೊತೆಗೇ ನಡೆದು ನೋಡಿ. ಜಾರುವ ಕಾಲೊರಸು, ದಾರಿಗೆ ಅಡ್ಡ ಹಾದ ವೈರು, ಕೈಗೆಟುಕದ ಸ್ವಿಚ್ಚು, ಹಿಮ್ಮಡಿ ಹಿಡಿಯದ ಸಡಿಲ ಚಪ್ಪಲಿ ಇವನ್ನು ಮೊದಲು ಸರಿಮಾಡಿ. ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ ಈ ದಾರಿಯಲ್ಲಿರಲಿ.

ಬಚ್ಚಲಿನಲ್ಲಿ ಟವೆಲ್ ಹಾಕುವ ಕೊಳವೆಯನ್ನೇ ಹಿಡಿದು ಏಳುವುದು ಹಲವರ ಅಭ್ಯಾಸ. ಅದು ಮನುಷ್ಯನ ಭಾರಕ್ಕೆ ಮಾಡಿದ್ದಲ್ಲ, ಒಂದು ದಿನ ಕಿತ್ತುಬರುತ್ತದೆ. ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕಂಬಿ ಬೇಕು. ಅಡ್ಡ ಕಂಬಿಗೆ ನೆಲದಿಂದ 85ರಿಂದ 90 ಸೆಂಟಿಮೀಟರ್ ಎತ್ತರ ಸಾಮಾನ್ಯ. ಬಳಸುವವರು ತುಂಬ ಕುಳ್ಳಗೋ ಎತ್ತರವೋ ಇದ್ದರೆ ಅವರನ್ನು ನಿಲ್ಲಿಸಿ ನೋಡಿ ಗುರುತು ಹಾಕಿ. ಬರೀ ಗಾಳಿಯ ಒತ್ತಡದಿಂದ ಅಂಟುವ ಕಂಬಿಯನ್ನು ನಂಬಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಕೇಳದೆ ಯಾವ ಸಾಮಾನನ್ನೂ ಸರಿಸಬಾರದು. ಕಣ್ಣು ಮಂಜಾದವರು ಮನೆಯೊಳಗೆ ನೆನಪಿನ ಮೇಲೆ ನಡೆಯುತ್ತಾರೆ. ನೀವು ಅಂದಗೊಳಿಸಿದ ಕೋಣೆಯಲ್ಲೇ ಆ ರಾತ್ರಿ ಅವರು ಎಡವಬಹುದು.

ಮಲಗಿದ್ದವರು ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳುವುದನ್ನು ಅಭ್ಯಾಸ ಮಾಡಿಸಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುವುದರಿಂದ ನೀರಿನ ಪಾತ್ರೆ ಕೈಗೆಟುಕುವಲ್ಲಿರಲಿ. ಹೃದಯ, ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ "ಹೆಚ್ಚು ಕುಡಿಯಿರಿ" ಎಂಬ ಸಲಹೆ ಬೇಡ.

ಬಿದ್ದಿರುವುದು ಕಂಡರೆ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮೊದಲು ಮಾತಾಡಿಸಿ. ತೊಡೆಯ ಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಅಲ್ಲಾಡಿಸದೆ ಹೊದಿಸಿ ಆಂಬುಲೆನ್ಸ್ ಕರೆಯಿರಿ. ತಲೆಗೆ ಏಟು ಬಿದ್ದು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾಗಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಗಂಟೆಗೂ ಹೆಚ್ಚು ಹೊತ್ತು ನೆಲದ ಮೇಲಿದ್ದವರಿಗೂ ಅದೇ ಮಾತು. ಒತ್ತಿಕೊಂಡ ಸ್ನಾಯು ಹಾಳಾಗಿ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು.

ಏನೂ ಆಗಿಲ್ಲವೆಂದು ಖಚಿತವಾದರೆ ಏಳಿಸುವ ಕ್ರಮ ಹೀಗೆ:

1. ಪಕ್ಕಕ್ಕೆ ಹೊರಳಿ ಸ್ವಲ್ಪ ಸುಧಾರಿಸಿಕೊಳ್ಳಲಿ.
2. ಕೈ ಮತ್ತು ಮಂಡಿಯ ಮೇಲೆ ಬರಲಿ. ಮುಂದೆ ಅಲುಗಾಡದ ಒಂದು ಕುರ್ಚಿ ಇಡಿ.
3. ಕುರ್ಚಿಯ ಮೇಲೆ ಎರಡೂ ಕೈ ಊರಿ, ಬಲವಾದ ಕಾಲಿನ ಪಾದವನ್ನು ನೆಲಕ್ಕೆ ತರಲಿ.
4. ಅವರು ತಮ್ಮ ಬಲದಿಂದಲೇ ಏಳುವಾಗ ಇನ್ನೊಂದು ಕುರ್ಚಿಯನ್ನು ಹಿಂದಿನಿಂದ ಒಡ್ಡಿ ಕೂರಿಸಿ.

ಎರಡು ಕುರ್ಚಿ, ಇಬ್ಬರು ಸಹಾಯಕರು, ಅವಸರವಿಲ್ಲ. ಯಾವ ಹಂತದಲ್ಲಿ ನೋವೆಂದರೂ ಅಲ್ಲೇ ನಿಲ್ಲಿಸಿ.

ಹಣ ಮತ್ತು ಔಷಧಿ

ಈ ಎರಡರಲ್ಲಿ ಸಲಿಗೆಗೆ ಜಾಗವಿಲ್ಲ. ಸಾಮಾನು ತಂದುಕೊಡಲು ಹೇಳಿದರೆ ಪಟ್ಟಿಯನ್ನು ಅವರ ಎದುರೇ ಬರೆಯಿರಿ, ಪಡೆದ ಮೊತ್ತ ಬರೆಯಿರಿ, ರಸೀದಿ ತಂದು ಉಳಿದದ್ದನ್ನು ಎಣಿಸಿ ಕೊಟ್ಟು ಇಬ್ಬರೂ ಸಹಿ ಹಾಕಿ. ಎಟಿಎಂ ಕಾರ್ಡು, ಪಿನ್, ಒಟಿಪಿ ಮುಟ್ಟಬೇಡಿ; ಪ್ರೀತಿಯಿಂದ ಕೈಗಿಟ್ಟರೂ ಬೇಡ. ಸಾಲ ಕೊಡುವುದು, ತೆಗೆದುಕೊಳ್ಳುವುದು, ಉಯಿಲಿಗೆ ಸಾಕ್ಷಿ ಹಾಕುವುದು, ಒಡವೆ ಇಟ್ಟುಕೊಳ್ಳುವುದು ಎಲ್ಲಕ್ಕೂ ಇಲ್ಲ ಎಂದೇ ಉತ್ತರ. "ನಮ್ಮ ತಂಡದ ನಿಯಮ" ಎಂದು ಹೇಳಿದರೆ ಅವರಿಗೂ ಬೇಸರವಾಗದು. ಈ ನಿಯಮವನ್ನು ಮೊದಲ ಭೇಟಿಯಲ್ಲೇ ಓದಿ ಹೇಳಿ. ಆಮೇಲೆ ಹೇಳಿದರೆ ನಂಬಿಕೆಯಿಲ್ಲ ಎಂದುಕೊಳ್ಳುತ್ತಾರೆ.

ಔಷಧಿಯನ್ನು ನೆನಪಿಸಬಹುದು, ಡಬ್ಬಿ ತೆರೆಯಲು ಕೈ ಜೋಡಿಸಬಹುದು. ಯಾವುದು, ಎಷ್ಟು ಎಂದು ನೀವು ತೀರ್ಮಾನಿಸುವಂತಿಲ್ಲ. ಏಳು ದಿನಕ್ಕೆ ನಾಲ್ಕು ಖಾನೆಯಂತೆ 28 ಖಾನೆಗಳ ಮಾತ್ರೆ ಡಬ್ಬಿಯನ್ನು ದಾದಿ, ಔಷಧಿ ವಿತರಕರು ಅಥವಾ ಮನೆಯವರು ತುಂಬಲಿ. ಕೆಲವು ಮಾತ್ರೆಗಳು ತೇವಕ್ಕೆ ಕೆಡುವುದರಿಂದ ಹೊದಿಕೆ ಬಿಚ್ಚಿಡಬಾರದು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ನುಂಗಲು ಕಷ್ಟವೆಂದು ಪುಡಿ ಮಾಡಿದರೆ ದಿನದ ಪೂರ್ತಿ ಔಷಧಿ ಒಮ್ಮೆಗೇ ಮೈಗೆ ಸೇರುತ್ತದೆ. ನಿಮ್ಮ ಮನೆಯಲ್ಲಿ ಗುಣ ಕೊಟ್ಟ ನೋವಿನ ಮಾತ್ರೆಯನ್ನೂ ಕೊಡಬೇಡಿ: ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆಗೆ ಐಬುಪ್ರೊಫೆನ್ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಏರುತ್ತದೆ.

ಬರೆದಿಡುವುದು, ತೋರಿಸಿಕೊಳ್ಳದಿರುವುದು

ಒಂದು ಭೇಟಿಗೆ ನಾಲ್ಕು ಸಾಲು ಸಾಕು: ದಿನಾಂಕ ಮತ್ತು ಹೊತ್ತು, ಹೋದವರು, ಕಂಡದ್ದು, ಮುಂದೆ ಮಾಡಬೇಕಾದದ್ದು. ಕಂಡದ್ದನ್ನಷ್ಟೇ ಬರೆಯಿರಿ. "ಅಡುಗೆಮನೆಯಲ್ಲಿ ಎರಡು ದಿನದ ಪಾತ್ರೆ ಇತ್ತು" ಎಂಬುದು ಮುಂದಿನವರಿಗೆ ಉಪಯೋಗಕ್ಕೆ ಬರುತ್ತದೆ, "ಸೋಮಾರಿಯಾಗಿದ್ದಾರೆ" ಎಂಬುದು ಬರದು. ಆ ಪುಸ್ತಕವನ್ನು ಹಿರಿಯರೇ ಓದಿದರೂ ನಾಚಿಕೆಯಾಗದಂತೆ ಬರೆಯಬೇಕು.

ಫೋಟೊ ಬೇಡ. ಒಪ್ಪಿಗೆ ಕೊಟ್ಟರೂ ಬೇಡ. ವಾರವಾರ ಬರುವವರ ಮಾತಿಗೆ ಇಲ್ಲ ಎನ್ನಲು ಆಗದೆ ಕೊಡುವ ಒಪ್ಪಿಗೆ ಅದು. ದಾನಿಗಳು ಕೇಳಿದರೆ ತಿಂಗಳ ಭೇಟಿಗಳ ಸಂಖ್ಯೆ, ತಪ್ಪಿದ ಭೇಟಿಗಳ ಸಂಖ್ಯೆ, ಖರ್ಚಿನ ಲೆಕ್ಕ ಕೊಡಿ. ತಪ್ಪಿದ ಸಂಖ್ಯೆಯನ್ನು ಮುಚ್ಚಿಡದ ತಂಡದ ಮೇಲೆ ನಂಬಿಕೆ ತಾನಾಗಿ ಬರುತ್ತದೆ. ಖರ್ಚು ಹೆಚ್ಚೇನಿರದು: ಓಡಾಟ, ಫೋನು, ಕಾಗದ. ಹಣ ತೆಗೆಯಲು ಇಬ್ಬರ ಸಹಿ ಇರಲಿ.

ತಂಡ ಸೋಲುವ ಜಾಗಗಳು

ಹೊಸತನದ ಉತ್ಸಾಹ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ತಿಂಗಳಿಗೊಮ್ಮೆ ಒಂದು ಗಂಟೆ ಸೇರಿ, ಒಬ್ಬೊಬ್ಬರಿಗೂ ಐದು ನಿಮಿಷ ಕೊಟ್ಟು, ಕಷ್ಟವನ್ನೇ ಮೊದಲು ಹೇಳಿಸಿ. ನಿದ್ದೆಗೆಟ್ಟವರು, ಹೋಗುವ ದಿನ ಬಂತೆಂದರೆ ಸಿಡುಕುವವರು ಇದ್ದರೆ ಒಂದು ತಿಂಗಳು ಬಿಡುವು ಕೊಡಿ. ಅದನ್ನು ಶಿಕ್ಷೆಯಂತೆ ಅಲ್ಲದೆ ಸರದಿಯಂತೆ ಎಲ್ಲರಿಗೂ ಕೊಡುವುದು ಒಳ್ಳೆಯದು.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಒಬ್ಬ ಸ್ವಯಂಸೇವಕ ದಿನವೂ ಫೋನ್ ಮಾಡುವುದು, ರಾತ್ರಿ ಹೋಗುವುದು, ತಾನಿಲ್ಲದೆ ಆ ಮನೆ ನಡೆಯದು ಎಂದುಕೊಳ್ಳುವುದು. ಅವರು ಕಾಯಿಲೆ ಬಿದ್ದ ದಿನ ಹಿರಿಯರು ಪೂರ್ತಿ ಒಂಟಿ. ವರ್ಷಕ್ಕೊಮ್ಮೆ ಜೋಡಿಯಲ್ಲಿ ಒಬ್ಬರನ್ನು ಬದಲಿಸಿ, ಇಬ್ಬರನ್ನೂ ಒಟ್ಟಿಗೆ ಎಂದೂ ಬೇಡ. ಹಿರಿಯರಿಗೆ ಹಳೆಯ ಗೆಳೆಯರು, ನೆಂಟರು, ಪಕ್ಕದ ಮನೆಯವರ ಜೊತೆ ಕಡಿದ ನಂಟನ್ನು ಮತ್ತೆ ಕೂಡಿಸಲು ನೆರವಾಗಿ. ನಿಮ್ಮ ಭೇಟಿಯ ಅಗತ್ಯ ಕಡಿಮೆಯಾದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಅರ್ಥ.

ಬರಲಾಗದ ದಿನ ಹೊತ್ತಿಗೆ ಮೊದಲೇ ಫೋನ್ ಮಾಡಿ, ಬದಲಿಯವರ ಹೆಸರು ಹೇಳಿ. ಹೋದಾಗ ಬಾಗಿಲು ತೆರೆಯದಿದ್ದರೆ ಮರಳಿ ಬಂದುಬಿಡಬೇಡಿ. ಫೋನ್ ಮಾಡಿ, ಕಿಟಕಿಯಿಂದ ಕರೆಯಿರಿ, ಪಕ್ಕದವರನ್ನು ಕೇಳಿ, ತುರ್ತಿನ ಇಬ್ಬರಿಗೂ ತಿಳಿಸಿ, ಇನ್ನೊಂದು ಕೀಲಿಕೈ ಇರುವವರನ್ನು ಕರೆಸಿ. ಒಳಗೆ ಬಿದ್ದಿರಬಹುದು ಎನಿಸಿದರೆ ಪೊಲೀಸರನ್ನು ಕರೆಯಲು ಹಿಂಜರಿಯಬೇಡಿ.

ಒಂದು ಮನೆಯ ಭೇಟಿ ಮುಗಿಯುವುದೂ ಉಂಟು. ಮಕ್ಕಳ ಬಳಿಗೆ ಹೋಗುತ್ತಾರೆ, ಆರೈಕೆ ಕೇಂದ್ರ ಸೇರುತ್ತಾರೆ, ತೀರಿಕೊಳ್ಳುತ್ತಾರೆ. ಕೀಲಿಕೈ ಇದ್ದರೆ ಮನೆಯವರಿಗೆ ಸಹಿ ಪಡೆದು ಹಿಂತಿರುಗಿಸಿ, ಮಾಹಿತಿ ಹಾಳೆಯನ್ನು ಹರಿದು ಹಾಕಿ. ಸಾವಾಗಿದ್ದರೆ ಆ ಜೋಡಿಗೆ ಒಂದು ತಿಂಗಳು ಹೊಸ ಮನೆ ಕೊಡಬೇಡಿ. ತಂಡವೇ ಭೇಟಿ ನಿಲ್ಲಿಸಬೇಕಾದರೆ ನಾಲ್ಕು ವಾರ ಮೊದಲು ಎದುರು ಕೂತು ಹೇಳಿ, ಕೊನೆಯ ಭೇಟಿಯ ದಿನವನ್ನು ಅವರ ಕ್ಯಾಲೆಂಡರಿನಲ್ಲಿ ಬರೆಯಿರಿ.

ಸಂಚಾಲಕರಿಗೆ ಕೊನೆಯ ಕೆಲಸ ಒಂದಿದೆ. ಆರನೆಯ ತಿಂಗಳಲ್ಲಿ ಮನೆಗಳ ಪಟ್ಟಿ, ಬೀಗದ ಪೆಟ್ಟಿಗೆ, ಲೆಕ್ಕದ ಪುಸ್ತಕ ಮೂರನ್ನೂ ಇನ್ನೊಬ್ಬರಿಗೆ ಒಪ್ಪಿಸಿ ಪೂರ್ತಿ ಒಂದು ತಿಂಗಳು ದೂರ ಇರಿ. ಆ ತಿಂಗಳು ಎಲ್ಲೆಲ್ಲಿ ಕೆಲಸ ತಡವರಿಸಿತು ಎಂದು ಅವರಿಂದ ಬರೆಸಿಕೊಂಡು, ಅಷ್ಟನ್ನು ಕಲಿಸಿಕೊಡಿ. ಮುಂದಿನ ಆರು ತಿಂಗಳಿಗೆ ಅವರೇ ಸಂಚಾಲಕರಾಗಲಿ, ನೀವು ಒಂದು ಜೋಡಿಯಲ್ಲಿ ಸೇರಿ ಎರಡು ಮನೆ ನೋಡಿಕೊಳ್ಳಿ.